ಫ್ಯೂಸಿನ ಜೇಬನ್ನು ನಾನು ಬಿಚ್ಚುವುದಿಲ್ಲ

ಮಾನ್ಯ ಕಾರ್ಯದಕ್ಷತಾ ಅಧಿಕಾರಿಗಳೇ,

ನನ್ನ ಗಂಡ ಜೀವಂತವಾಗಿ ಮನೆಗೆ ಬಂದದ್ದಕ್ಕೆ ನೀವು ಅವರಿಗೆ ನೋಟಿಸು ಕೊಟ್ಟಿದ್ದೀರಿ. ನೋಟಿಸಿನಲ್ಲಿ ಹಾಗೆ ಬರೆದಿಲ್ಲ, ಒಪ್ಪುತ್ತೇನೆ. ಅದರಲ್ಲಿರುವುದು ‘ನಿಗದಿತ ಗುರಿಗಿಂತ ಇಪ್ಪತ್ತೆರಡು ನಿಮಿಷ ವಿಳಂಬ, ಕಾರಣ: ಅನಗತ್ಯ ಚಲನೆ’ ಎಂದು. ಆ ಅನಗತ್ಯ ಚಲನೆ ಮಾಡದೇ ಇದ್ದಿದ್ದರೆ ಅವತ್ತು ಅವರು ಗುರಿಯೊಳಗೇ ಕೆಲಸ ಮುಗಿಸುತ್ತಿದ್ದರು, ತಾವೂ ಮುಗಿಯುತ್ತಿದ್ದರು. ಇದನ್ನು ನಿಮ್ಮ ಕಚೇರಿಗೆ ಬಂದು, ನಿಮ್ಮ ಮೇಜಿನ ಮುಂದೆ ನಿಂತು, ಬಾಯಿ ಬಿಟ್ಟು ಹೇಳಿದ್ದೇನೆ. ನೀವು ಟೀ ತರಿಸಿಕೊಟ್ಟಿರಿ. ಟೀ ಚೆನ್ನಾಗಿತ್ತು. ಉತ್ತರ ಮಾತ್ರ ಬರಲಿಲ್ಲ, ಅದಕ್ಕೇ ಪತ್ರಿಕೆಯಲ್ಲಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಟಪಾಲಿಗೇ ಹಾಕಬಹುದಿತ್ತು. ಆದರೆ ಅಲ್ಲಿ ಅರ್ಜಿ ವಿಲೇವಾರಿಗೂ ಒಂದು ಗುರಿ ಇದೆಯಂತೆ, ಓದದೆ ಮುಚ್ಚಿದರೆ ಬೇಗ ವಿಲೇವಾರಿಯಾಗುತ್ತದೆಯಂತೆ.

ನಾನು ಶ್ಯಾಮಲಾ. ಹಳೇಬೀಡಿನಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಗಂಡ ಲೋಕೇಶ್ ನಿಮ್ಮ ಕೈಕೆಳಗಿನ ಲೈನ್‌ಮನ್. ಜಾವಗಲ್ ಕಡೆ ಹೋಗುವ ರಸ್ತೆಯ ಆಚೀಚೆ ಇರುವ ಹಳ್ಳಿಗಳ ಕಂಬ, ತಂತಿ, ಬೈಗುಳ ಎಲ್ಲವೂ ಅವರ ಪಾಲು. ಗಾಳಿಗೆ ತೆಂಗಿನ ಗರಿ ಬಿದ್ದು ತಂತಿ ಹರಿದರೆ ಜನ ದೇವರಿಗಿಂತ ಮೊದಲು ನೆನೆಯುವುದು ನನ್ನ ಗಂಡನನ್ನು, ಮತ್ತು ಅವರ ತಾಯಿಯನ್ನು. ನಮ್ಮ ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು, ಪಾಪ, ಇನ್ನೂ ಬೈಸಿಕೊಳ್ಳುತ್ತಿದ್ದಾರೆ.

ನಮ್ಮ ಕಡೆಯ ಒಂದು ವಿಶೇಷ ನಿಮಗೆ ಗೊತ್ತಿಲ್ಲ ಅನ್ನಿಸುತ್ತದೆ. ಇಲ್ಲಿ ತೋಟ ಇರುವ ಪ್ರತಿಯೊಬ್ಬನೂ ಅರ್ಧ ಲೈನ್‌ಮನ್. ಮೋಟಾರು ನಿಂತರೆ ಅವನು ನಿಮ್ಮ ಆ್ಯಪಿನಲ್ಲಿ ದೂರು ಕೊಟ್ಟು ಕೈಕಟ್ಟಿ ಕೂರುವುದಿಲ್ಲ. ನೇರ ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗುತ್ತಾನೆ, ನಮ್ಮ ಕಡೆ ಅದಕ್ಕೆ ಟಿಸಿ ಎನ್ನುತ್ತಾರೆ. ಫ್ಯೂಸು ಬಿದ್ದಿದೆಯಾ ನೋಡುತ್ತಾನೆ. ಬಿದ್ದಿದ್ದರೆ ಒಂದು ಒಣ ಕೋಲು, ಒಂದು ಚೂರು ತಂತಿ ಹುಡುಕಿ ತಾನೇ ಹಾಕಿ, ಮೀಸೆ ಮೇಲೆ ಕೈಯಾಡಿಸಿ ಮನೆಗೆ ಹೋಗುತ್ತಾನೆ. ಯಾರೋ ಬೇಕೆಂದೇ ಅದನ್ನು ತೆಗೆದಿರಬಹುದು, ಮೂರು ತೋಟದಾಚೆ ಯಾರೋ ಕಂಬದ ಮೇಲಿರಬಹುದು ಎಂದು ಅವನಿಗೆ ಹೊಳೆಯುವುದಿಲ್ಲ. ಕೆಟ್ಟವನಲ್ಲ. ರಾಗಿ ಪೈರು ಬಾಡುತ್ತಿದೆ, ಕರೆಂಟು ಇರುವುದೇ ನಾಲ್ಕು ಗಂಟೆ, ಅವನ ಕಣ್ಣಿಗೆ ಫ್ಯೂಸು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಹನುಮಂತಯ್ಯನವರ ಎಡಗೈ ಹೋದದ್ದು ಹೀಗೆಯೇ. ನನ್ನ ಗಂಡನಿಗೆ ಕಂಬ ಹತ್ತಲು ಕಲಿಸಿದವರು ಅವರು. ಅವರು ಮೇಲಿದ್ದಾಗ ಕೆಳಗೆ ಟಿಸಿಯಲ್ಲಿ ಒಬ್ಬ ಮಹಾನುಭಾವ ಫ್ಯೂಸು ಹಾಕಿದ. ಆಸ್ಪತ್ರೆಯಲ್ಲಿ ಹನುಮಂತಯ್ಯನವರ ಕಾಲು ಹಿಡಿದು ಅತ್ತವನೂ ಅವನೇ. ಅವತ್ತಿನಿಂದ ನಮ್ಮ ಕಡೆಯ ಲೈನ್‌ಮನ್‌ಗಳಲ್ಲಿ ಒಂದು ಪದ್ಧತಿ ಬಂತು. ಟಿಸಿಯಿಂದ ತೋಟಗಳಿಗೆ ಹೋಗುವ ಕೆಳಗಿನ ತಂತಿಯ ಕೆಲಸವಾದರೆ ಮೊದಲು ಟಿಸಿಗೆ ನಡೆದು ಹೋಗುವುದು, ಮೂರೂ ಫ್ಯೂಸಿನ ಹಿಡಿಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವುದು, ಆಮೇಲೆ ಕಂಬ ಹತ್ತುವುದು. ಹಿಡಿಯೇ ಇಲ್ಲದಿದ್ದರೆ ಯಾವ ಅರ್ಧ ಲೈನ್‌ಮನ್ ಏನು ಹಾಕುತ್ತಾನೆ? ಹನುಮಂತಯ್ಯನವರು ಈಗಲೂ ದಾರಿಯಲ್ಲಿ ಸಿಕ್ಕಿದರೆ ಕ್ಷೇಮ ಸಮಾಚಾರ ಕೇಳುವುದಿಲ್ಲ. “ಏನ್ಲಾ ಲೋಕೇಶ, ಜೇಬಿಗ್ ಹಾಕ್ಕಂಡ್ ಹತ್ತೀಯೇನ್ಲಾ?” ಅಂತಲೇ ಕೇಳುತ್ತಾರೆ.

ಆ ಹಿಡಿಗಳು ಪಿಂಗಾಣಿಯವು, ಕಲ್ಲಿನ ಭಾರ. ನೀವು ಕೊಡುವ ಸಮವಸ್ತ್ರದ ಜೇಬು ಅವನ್ನು ಎರಡು ವಾರ ತಡೆಯುವುದಿಲ್ಲ, ಹೊಲಿಗೆ ಬಿಟ್ಟು ನೇತಾಡುತ್ತದೆ. ಮದುವೆಯಾದ ಹೊಸದರಲ್ಲಿ ನಾನು ಗಂಡನಿಗೆ ಹೊಲಿದುಕೊಟ್ಟ ಮೊದಲ ವಸ್ತುವೇ ಅದು: ಪ್ಯಾಂಟಿನ ಬಲತೊಡೆಯ ಮೇಲೆ ಕ್ಯಾನ್ವಾಸ್ ಬಟ್ಟೆಯ ಆಳವಾದ ಜೇಬು, ಮೇಲೊಂದು ಮುಚ್ಚಳ, ಮುಚ್ಚಳಕ್ಕೆ ಕೋಟಿನ ಗುಂಡಿ. ಬೇರೆ ಹೆಂಗಸರು ಗಂಡನಿಗೆ ಕರವಸ್ತ್ರದ ಮೇಲೆ ಹೂ ಹಾಕಿ ಕೊಡುತ್ತಿದ್ದ ಕಾಲ, ನಾನು ಫ್ಯೂಸಿನ ಜೇಬು ಹೊಲಿದೆ. ಎರಡು ಪ್ಯಾಂಟಿಗೆ ಎರಡು ಜೇಬು. ಪ್ಯಾಂಟು ಬದಲಾದರೂ ಜೇಬು ಬದಲಾಗಿಲ್ಲ, ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಹಾಕುತ್ತಾ ಬಂದಿದ್ದೇನೆ.

ಇಂಥ ಹಿಂದುಳಿದ ಜನರ ನಡುವೆ ತಾವು ಬಂದಿರಿ. ಬಂದವರೇ ಕಚೇರಿಯ ಗೋಡೆಗೊಂದು ದೊಡ್ಡ ಬೋರ್ಡು ಹಾಕಿಸಿದಿರಿ. ಅದರ ಮೇಲೆ ಎಲ್ಲ ಲೈನ್‌ಮನ್‌ಗಳ ಭಾವಚಿತ್ರ, ಪ್ರತಿಯೊಬ್ಬರ ಪಕ್ಕದಲ್ಲಿ ಹಸಿರು ಅಥವಾ ಕೆಂಪು ಬಿಲ್ಲೆ. ದೂರು ದಾಖಲಾದ ಮೂವತ್ತು ನಿಮಿಷದಲ್ಲಿ ಸರಿಪಡಿಸಿದರೆ ಹಸಿರು, ದಾಟಿದರೆ ಕೆಂಪು. ನಿಜ ಹೇಳುತ್ತೇನೆ, ನನಗೆ ಮೊದಲು ಸಂತೋಷವೇ ಆಯಿತು. ನನ್ನದೂ ಕರೆಂಟಿನ ಹೊಲಿಗೆ ಯಂತ್ರ. ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರಂ ರಾಶಿ ಮುಂದಿಟ್ಟುಕೊಂಡು ಎರಡೆರಡು ದಿನ ಕರೆಂಟಿಗೆ ಕಾದವಳು ನಾನು. ಕೆಲಸಕ್ಕೆ ಗುರಿ ಬೇಡ ಎನ್ನುವ ಮೂಢಳಲ್ಲ. ನನ್ನ ಅಂಗಡಿಯಲ್ಲೂ ಗುರಿ ಇದೆ. ಆದರೆ ನಾನು ಎಣಿಸುವುದು ದಿನಕ್ಕೆ ಎಷ್ಟು ರವಿಕೆ ಹೊಲಿದೆ ಎಂದಲ್ಲ, ಬಿಗಿ ಆಯಿತು, ಸಡಿಲ ಆಯಿತು ಎಂದು ತಿದ್ದಲು ಎಷ್ಟು ವಾಪಸ್ ಬಂದವು ಎಂದು. ಮೊದಲನೆಯದನ್ನೇ ಎಣಿಸುತ್ತಾ ಕೂತರೆ ರವಿಕೆ ಬೇಗ ಆಗುತ್ತದೆ, ಹಾಕಿಕೊಂಡವಳಿಗೆ ಕೈ ಎತ್ತಲು ಆಗುವುದಿಲ್ಲ. ಏನನ್ನು ಎಣಿಸಬೇಕು ಎಂದು ನಾನು ಒಂದು ವಾರ ಯೋಚಿಸಿದ್ದೆ. ತಾವು ಎಷ್ಟು ಹೊತ್ತು ಯೋಚಿಸಿದಿರಿ?

ಮೂವತ್ತು ನಿಮಿಷ ಸಾಲುತ್ತಿಲ್ಲ ಎಂದು ಗೊತ್ತಾದಾಗ ತಾವು ಗುರಿಯನ್ನು ನೋಡಲಿಲ್ಲ, ನಡಿಗೆಯನ್ನು ನೋಡಿದಿರಿ. ಟಿಸಿಗೆ ಹೋಗುವುದು, ಬರುವುದು, ಮತ್ತೆ ಫ್ಯೂಸು ಹಾಕಲು ಹೋಗುವುದು. ಇದಕ್ಕೆ ‘ಅನಗತ್ಯ ಚಲನೆ’ ಎಂದು ಹೆಸರಿಟ್ಟಿರಿ. ಅದರ ಬದಲು ಹೊಸ ವಿಧಾನ ತಂದಿರಿ: ಲೈನ್‌ಮನ್ ಕಂಬದ ಬುಡದಿಂದ ಸಬ್‌ಸ್ಟೇಷನ್ನಿಗೆ ಫೋನ್ ಮಾಡುವುದು, ಅಲ್ಲಿನ ಆಪರೇಟರು ಇಡೀ ಲೈನು ಬಂದ್ ಮಾಡುವುದು, ಕೆಲಸ ಮುಗಿದ ಮೇಲೆ ಇನ್ನೊಂದು ಫೋನ್, ಲೈನು ಚಾಲೂ. ಫ್ಯೂಸು ತೆಗೆದು ಒಯ್ಯುವುದು ಇನ್ನು ಮುಂದೆ ನಿಯಮಬಾಹಿರ. ಕೇಳಲು ಎಷ್ಟು ಚೆನ್ನಾಗಿದೆ! ಅಷ್ಟೇ ಆಗಿದ್ದರೂ ಹೇಗೋ ನಡೆಯುತ್ತಿತ್ತೇನೋ. ಆದರೆ ತಾವು ಆಪರೇಟರಿಗೂ ಒಂದು ಗುರಿ ಕೊಟ್ಟಿರಿ: ಲೈನು ಒಮ್ಮೆ ಬಂದ್ ಮಾಡಿದರೆ ಹತ್ತು ನಿಮಿಷ ದಾಟಬಾರದು, ದಾಟಿದರೆ ಅವನಿಗೆ ಕೆಂಪು. ಒಬ್ಬನ ಜೀವ ಇನ್ನೊಬ್ಬನ ಕೈಯಲ್ಲಿಟ್ಟು, ಆ ಇನ್ನೊಬ್ಬನ ಬೆನ್ನ ಹಿಂದೆ ಗಡಿಯಾರ ಹಿಡಿದು ನಿಂತಿರಿ. ಇದನ್ನು ಮೇಜಿನ ಮೇಲೆ ಕಾಗದ ಹಾಸಿ ಗೆರೆ ಎಳೆದು ಮಾಡಿದ್ದೀರಿ ಎಂದು ನಂಬಲು ನನಗೆ ಕಷ್ಟವಾಗುತ್ತದೆ.

ಈಗ ಆ ದಿನದ ಕತೆ. ನೀವು ಇಪ್ಪತ್ತೆರಡು ನಿಮಿಷ ಎಂದು ಬರೆದಿರಲ್ಲ, ಆ ದಿನ.

ಮರಿಯಣ್ಣ ಎನ್ನುವ ರೈತರ ತೆಂಗಿನ ತೋಟದಲ್ಲಿ ಗರಿ ಬಿದ್ದು ತಂತಿ ಹರಿದಿತ್ತು. ಆ ತೋಟ ತಗ್ಗಿನಲ್ಲಿದೆ, ಮೊಬೈಲು ಅಲ್ಲಿ ಸಿಗುವುದಿಲ್ಲ. ನನ್ನ ಗಂಡ ನಿಮ್ಮ ವಿಧಾನ ಪಾಲಿಸಿದರು. ರಸ್ತೆಯ ಮೇಲೆ ನಿಂತು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನು ಬಂದ್ ಮಾಡಿಸಿದರು. ಆಮೇಲೆ, ನಿಮ್ಮ ಅಪ್ಪಣೆ ಇಲ್ಲದೆ, ಟಿಸಿಗೆ ಹೋಗಿ ಮೂರು ಫ್ಯೂಸೂ ಕಿತ್ತು ಜೇಬಿಗೆ ಹಾಕಿಕೊಂಡರು. ಅದು ಅಭ್ಯಾಸ, ಬಿಡಲಾಗಲಿಲ್ಲ. ಕಂಬ ಹತ್ತಿ ಬರಿಗೈಯಲ್ಲಿ ತಂತಿ ಹಿಡಿದು ಗಂಟು ಹಾಕುತ್ತಿದ್ದಾಗ ಪಕ್ಕದ ತೋಟದಲ್ಲಿ ಭರ್ರನೆ ಸದ್ದಾಯಿತು. ಆ ತೋಟಕ್ಕೆ ಬೇರೆ ಟಿಸಿ, ಆದರೆ ಸಬ್‌ಸ್ಟೇಷನ್ನಿನಿಂದ ಬರುವ ಲೈನು ಒಂದೇ. ಅಲ್ಲಿನ ಮೋಟಾರಿಗೆ ಆಟೋ ಸ್ಟಾರ್ಟರು ಇದೆ, ಕರೆಂಟು ಬಂದ ತಕ್ಷಣ ತಾನಾಗಿ ಓಡುತ್ತದೆ.

ಕೆಳಗೆ ನಿಂತಿದ್ದ ಮರಿಯಣ್ಣ ಕೂಗಿಕೊಂಡರಂತೆ. “ಲೋಕೇಶಾ! ಕೈ ಬುಡೋ! ಪಕ್ಕದ್ ತ್ವಾಟದ್ ಮೋಟ್ರು ನೀರ್ ಒಗೀತಾ ಐತೆ! ಕರೆಂಟ್ ಬಂದೈತೆ ಕಣೋ, ಕೈ ಬುಡೋ!”

ನನ್ನ ಗಂಡ ಮೇಲಿನಿಂದ ತೊಡೆ ತಟ್ಟಿ ತೋರಿಸಿದರಂತೆ. “ಬರ್ಲಿ ಬುಡು ಮರಿಯಣ್ಣ. ನಿನ್ ಲೈನಿನ್ ಕರೆಂಟು ನನ್ ಜೇಬಲ್ಲೈತೆ.”

ಇದನ್ನು ಅವರು ನನಗೆ ಹೇಳಲಿಲ್ಲ. ಮಾರನೆಯ ದಿನ ಮರಿಯಣ್ಣನೇ ಎರಡು ಎಳನೀರು ಹಿಡಿದು ಅಂಗಡಿಗೆ ಬಂದು ಹೇಳಿದರು. “ಮ್ಯಾಲಿದ್ದಾಗ ತಮಾಸೆ ಮಾಡ್ದ ಕಣವ್ವಾ. ಕೆಳೀಕ್ ಇಳಿದ ಮ್ಯಾಲೆ ನೀರಿನ್ ಚೊಂಬು ಕೊಟ್ರೆ ಹಿಡ್ಕಳಕ್ಕೆ ಆಗ್ಲಿಲ್ಲ. ನಾನೇ ಕುಡುಸ್ದೆ.” ಆ ಹೊತ್ತಿಗೆ ನಾನು ಯಾರದೋ ಮದುವೆ ರವಿಕೆಗೆ ಕೊಕ್ಕೆ ಹಾಕುತ್ತಿದ್ದೆ. ಸೂಜಿ ಬೆರಳಿಗೆ ಚುಚ್ಚಿ ರವಿಕೆ ಮೇಲೆ ರಕ್ತದ ಕಲೆಯಾಯಿತು. ಭಯ ಎಂದರೆ ಏನೆಂದು ಅವತ್ತು ತಿಳಿಯಿತು. ಭಯ ಇಳಿದ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಲೈನು ಚಾಲೂ ಮಾಡಿದ ಆಪರೇಟರು ಶಿವಪ್ರಕಾಶ್. ನಮ್ಮ ಮನೆಗೆ ಬಂದು ಊಟ ಮಾಡಿದವನು. ಅವನಿಗೆ ಚೆನ್ನಾಗಿ ಬೈಯಬೇಕೆಂದೇ ಫೋನ್ ಮಾಡಿದೆ. ಅವನು ನಾನು ಬಾಯಿ ತೆರೆಯುವ ಮೊದಲೇ ಅಳಲು ಶುರುಮಾಡಿದ. “ಅಕ್ಕಾ, ಫೋನ್ ಮಾಡ್ದೆ ಕಣಕ್ಕ, ಸಿಗ್ಲಿಲ್ಲ. ಮತ್ತೆ ಮಾಡ್ದೆ. ಹತ್ತು ನಿಮಿಷ ಆಗೋಗಿತ್ತು. ಈ ತಿಂಗ್ಳು ಆಗ್ಲೇ ಎರಡು ಕೆಂಪು ಬಿದ್ದೈತೆ ನಂಗೆ. ಕೆಲ್ಸ ಮುಗ್ಸಿ ಹೊಂಟೋಗವ್ರೆ ಅನ್ಕಂಡೆ ಅಕ್ಕಾ.” ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಹಾಗೇ ಇದೆ, ಅದರ ನಿಜವಾದ ವಾರಸುದಾರರು ನೀವು.

ನೋಟಿಸು ಬಂದ ಮೇಲೆ ಅರಸೀಕೆರೆ ಬಸ್ಸು ಹತ್ತಿ ನಿಮ್ಮ ಕಚೇರಿಗೆ ಬಂದೆ. ನೀವು ಸಭ್ಯರು, ಕೂರಿಸಿ ಮಾತಾಡಿಸಿದಿರಿ. ಟಿಸಿಗೆ ನಡೆಯುವುದನ್ನು ನಿಲ್ಲಿಸಿದರೆ ವರ್ಷಕ್ಕೆ ಎಷ್ಟು ಮಾನವ ಗಂಟೆಗಳು ಉಳಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಿದಿರಿ. ಮೊದಲು ಮಾನವ ಉಳಿಯಲಿ ಸ್ವಾಮಿ, ಗಂಟೆ ಆಮೇಲೆ ಉಳಿಸೋಣ ಎಂದೆ. ನಕ್ಕಿರಿ. ಅವತ್ತು ಪಕ್ಕದ ತೋಟದ ಮೋಟಾರು ಓಡಿದ್ದು ನಿಮ್ಮ ಬೋರ್ಡಿನಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿದೆ.

“ಅದು ಸುರಕ್ಷತಾ ವಿಭಾಗ ಮೇಡಂ. ಅವರದ್ದು ಬೇರೆ ಬೋರ್ಡು,” ಎಂದಿರಿ.

ಆ ಬೋರ್ಡನ್ನೂ ಹೋಗಿ ನೋಡಿದೆ. ಮೆಟ್ಟಿಲ ಕೆಳಗೆ, ನೀರಿನ ಕ್ಯಾನುಗಳ ಹಿಂದೆ ಇತ್ತು. ಆ ತಿಂಗಳ ಅವಘಡ: ಸೊನ್ನೆ. ವಾಪಸ್ ಬಂದು ಹೇಳಿದರೆ ತಾವು ಸಮಾಧಾನವಾಗಿ, “ಏನೂ ಆಗಿಲ್ಲವಲ್ಲ ಮೇಡಂ, ಆಗದೇ ಇದ್ದದ್ದನ್ನು ಹೇಗೆ ದಾಖಲಿಸೋದು?” ಎಂದಿರಿ. ಅದೇ ಸ್ವಾಮಿ ನಾನು ಕೇಳುತ್ತಿರುವುದು. ಆಗದೇ ಇರುವಂತೆ ಮಾಡಿದ್ದಕ್ಕೆ ಹಿಡಿದ ಹೊತ್ತನ್ನು ಮಾತ್ರ ಇಪ್ಪತ್ತೆರಡು ಎಂದು ಲೆಕ್ಕ ಹಿಡಿದು ದಾಖಲಿಸಲು ಹೇಗೆ ಸಾಧ್ಯವಾಯಿತು? ಆ ನಿಮಿಷಗಳಲ್ಲಿ ಏನು ಉಳಿಯಿತು ಎಂದು ಬರೆಯಲು ಮಾತ್ರ ನಿಮ್ಮ ಕಂಪ್ಯೂಟರಿನಲ್ಲಿ ಜಾಗವಿಲ್ಲವೇ? ನನ್ನ ಗಂಡ ಸತ್ತಿದ್ದರೆ ಸೊನ್ನೆ ಒಂದಾಗುತ್ತಿತ್ತು, ಆಗ ತಾವು ನಂಬುತ್ತಿದ್ದಿರಿ. ನಿಮ್ಮನ್ನು ನಂಬಿಸಲು ಅಷ್ಟು ದೂರ ಹೋಗುವ ಮನಸ್ಸು ನಮಗಿಲ್ಲ.

ನಿಮ್ಮ ವಿಧಾನದಿಂದ ಹಸಿರು ಹೆಚ್ಚಾಗಿದೆ ಎಂದು ನನಗೂ ಗೊತ್ತು. ಹೇಗೆ ಹೆಚ್ಚಾಯಿತು ಎನ್ನುವುದೂ ಊರಿಗೆಲ್ಲ ಗೊತ್ತು. ಲೈನ್‌ಮನ್‌ಗಳು ಇಪ್ಪತ್ತೆಂಟನೇ ನಿಮಿಷಕ್ಕೆ ‘ಸರಿಪಡಿಸಲಾಗಿದೆ’ ಎಂದು ಒತ್ತಿ, ಮತ್ತೆ ಹೊಸ ದೂರು ಕೊಡಿ ಎಂದು ರೈತನ ಕೈಕಾಲು ಹಿಡಿಯುತ್ತಾರೆ. ಒಂದೇ ಹರಿದ ತಂತಿ ನಿಮ್ಮಲ್ಲಿ ಮೂರು ಸಲ ಸರಿಹೋಗಿರುತ್ತದೆ, ತೋಟದಲ್ಲಿ ಒಂದು ಸಲವೂ ಆಗಿರುವುದಿಲ್ಲ. ಗಂಟು ಬಿಗಿ ಹಾಕಲು ಹೊತ್ತು ಸಾಲದೆ ಸುತ್ತಿ ಬಿಟ್ಟ ತಂತಿ ಮುಂದಿನ ಗಾಳಿಗೆ ಮತ್ತೆ ಬೀಳುತ್ತದೆ, ಮತ್ತೆ ಹಸಿರು ಬರುತ್ತದೆ. ಇಷ್ಟು ಫಲವತ್ತಾದ ಬೆಳೆ ನಮ್ಮ ತಾಲ್ಲೂಕಿನಲ್ಲಿ ಬೇರೆ ಯಾವುದೂ ಇಲ್ಲ.

ಇಷ್ಟಾಗಿಯೂ ನಾನು ಸುಮ್ಮನಿರುತ್ತಿದ್ದೆನೇನೋ. ಸುಮ್ಮನಿರದಂತೆ ಮಾಡಿದ್ದು ನನ್ನ ಗಂಡ. ಅವರು ಸೋತಿದ್ದಾರೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿಲ್ಲ, ಸಂಕಟವಾಗುತ್ತಿದೆ. ಆ ಬೋರ್ಡಿನ ಮೇಲೆ ಅವರ ಫೋಟೋದ ಪಕ್ಕ ಕೆಂಪು ಬಿದ್ದಾಗಿನಿಂದ ಕಚೇರಿಗೆ ಹೋಗುವಾಗ ತಲೆ ತಗ್ಗಿಸುತ್ತಾರೆ. ಕಿರಿಯರೆಲ್ಲ ಹಸಿರು, ಇವರೊಬ್ಬರೇ ಕೆಂಪು. ಇನ್ನೊಂದು ಕೆಂಪು ಬಿದ್ದರೆ ಮಲೆನಾಡಿನ ಕಾಡಂಚಿಗೆ, ಅರೇಹಳ್ಳಿ ಆಚೆಗೆ ಎತ್ತಿ ಹಾಕುತ್ತೇವೆ ಎಂದೂ ಹೇಳಿದ್ದೀರಂತೆ. ಕೊನೆಗೆ ನೀವು ಹೇಳಿದ ಕಡೆ ಸಹಿ ಹಾಕಿ ಬಂದರು: ಇನ್ನು ಮುಂದೆ ಫ್ಯೂಸು ತೆಗೆದು ಒಯ್ಯುವುದಿಲ್ಲ.

ಭಾನುವಾರ ಬೆಳಿಗ್ಗೆ ಎರಡೂ ಪ್ಯಾಂಟು ತಂದು ನನ್ನ ಯಂತ್ರದ ಮೇಲೆ ಇಟ್ಟರು. “ಈ ಜೇಬು ಬಿಚ್ಬುಡು ಶ್ಯಾಮಲಾ,” ಎಂದರು.

“ಯಾಕೆ? ಇರ್ಲಿ ಬಿಡಿ. ಜೇಬೇನು ಅನ್ನ ಕೇಳುತ್ತಾ?”

“ಇದ್ರೆ ಕೈ ಅಲ್ಲಿಗೇ ಹೋಯ್ತದೆ ಕಣೇ. ಕಂಬ ಹತ್ತೋ ಮುಂಚೆ ತಟ್ಟಿ ನೋಡ್ಕತೀನಿ. ಖಾಲಿ ಅಂತ ಗೊತ್ತಾದ್ರೆ ಹತ್ತಕ್ಕೇ ಆಗಲ್ಲ. ಜೇಬೇ ಇಲ್ದಿದ್ರೆ ಹೆಂಗೋ ಹತ್ತಿಬಿಡ್ತೀನಿ.”

ಇದನ್ನು ಓದಿದಿರಾ? ಇನ್ನೊಮ್ಮೆ ಓದಿ. ನಿಮ್ಮ ಕಾರ್ಯದಕ್ಷತೆ ನಮ್ಮ ಮನೆಯೊಳಗೆ ಬಂದು ಮಾಡಿರುವ ಕೆಲಸ ಇದು. ಹೆದರಿಕೆ ಇರಬೇಕಾದ ಕಡೆ ಹೆದರದೆ ಇರಲು ಒಬ್ಬ ಮನುಷ್ಯ ತನ್ನ ಜೇಬನ್ನೇ ಕೀಳಿಸಿಕೊಳ್ಳಲು ಹೊರಟಿದ್ದಾನೆ, ಅದೂ ಹೆಂಡತಿಯ ಕೈಯಿಂದ. ನಾನು ಪ್ಯಾಂಟು ತೆಗೆದುಕೊಂಡೆ. ಅವರು ಹಿತ್ತಲಿಗೆ ಹೋಗಿ ತುಂಬ ಹೊತ್ತು ಮುಖ ತೊಳೆದರು.

ಹಾಗಾದರೆ ನನಗೆ ಏನು ಬೇಕು? ಬರೀ ಬೈಯಲು ಬರೆದಿಲ್ಲ, ಗುರಿಗಳನ್ನೇ ಕೊಡುತ್ತೇನೆ, ಅಳೆಯಬಹುದಾದಂಥವು. ನಿಮ್ಮ ಗಡಿಯಾರ ದೂರು ಬಂದಾಗ ಶುರುವಾಗುವುದು ಬೇಡ. ಲೈನ್‌ಮನ್ ಮೂರೂ ಫ್ಯೂಸಿನ ಹಿಡಿಗಳನ್ನು ತನ್ನ ಕೈಯಲ್ಲಿಟ್ಟುಕೊಂಡು ಫೋಟೋ ತೆಗೆದು ಕಳಿಸಲಿ, ಅಲ್ಲಿಂದ ನಿಮಿಷ ಎಣಿಸಿ. ಫ್ಯೂಸು ಕೀಳದೆ ಕಂಬ ಹತ್ತಿದವನಿಗೆ ಕೆಂಪು ಕೊಡಿ. ಬಂದ್ ಮಾಡಿಸಿದವನ ಬಾಯಿಂದಲೇ ‘ಇಳಿದಿದ್ದೇನೆ’ ಎಂಬ ಮಾತು ಕೇಳದೆ ಆಪರೇಟರು ಲೈನು ಚಾಲೂ ಮಾಡಬಾರದು, ಅವನ ಹತ್ತು ನಿಮಿಷದ ಗುರಿಯನ್ನು ಇವತ್ತೇ ಅಳಿಸಿಹಾಕಿ. ಸರಿಪಡಿಸಿದ ತಂತಿ ತಿಂಗಳೊಳಗೆ ಮತ್ತೆ ಬಿದ್ದರೆ ಅದನ್ನು ಎಣಿಸಿ, ನಾನು ವಾಪಸ್ ಬಂದ ರವಿಕೆ ಎಣಿಸುವ ಹಾಗೆ. ಮತ್ತೆ ಆ ಮೆಟ್ಟಿಲ ಕೆಳಗಿನ ಬೋರ್ಡನ್ನು ಮೇಲೆ ತನ್ನಿ. ಅದರ ಮೇಲೆ ಎಷ್ಟು ಜನ ಬಿದ್ದರು ಎನ್ನುವುದರ ಜೊತೆಗೆ, ಇವತ್ತು ಹತ್ತಿದವರಲ್ಲಿ ಎಷ್ಟು ಜನ ಇಳಿದರು ಎಂದು ದಿನಾ ಸಂಜೆ ನಿಮ್ಮ ಕೈಯಾರೆ ಬರೆಯಿರಿ. ನನ್ನ ಗಂಡನ ನೋಟಿಸನ್ನು ವಾಪಸ್ ತೆಗೆದುಕೊಳ್ಳಿ, ಅವರಿಂದ ಬರೆಸಿಕೊಂಡ ಮುಚ್ಚಳಿಕೆಯನ್ನು ಹರಿದು ಹಾಕಿ.

ಈ ಪತ್ರ ಅವರಿಗೆ ಗೊತ್ತಿಲ್ಲ. ಪತ್ರಿಕೆ ಬಂದ ದಿನ ಗೊತ್ತಾಗುತ್ತದೆ, ಅವತ್ತು ಮನೆಯಲ್ಲಿ ನನಗೂ ಒಂದು ಕೆಂಪು ಬೀಳುತ್ತದೆ. ಬೀಳಲಿ. ಬೈದರೂ, ಮಾತು ಬಿಟ್ಟರೂ, ಅರೇಹಳ್ಳಿ ಆಚೆಗೆ ಗಂಟುಮೂಟೆ ಕಟ್ಟಬೇಕಾದರೂ ಅಡ್ಡಿಯಿಲ್ಲ. ಅಲ್ಲೂ ಜನ ಬಟ್ಟೆ ಹಾಕುತ್ತಾರೆ, ನನ್ನ ಯಂತ್ರ ಅಲ್ಲೂ ಓಡುತ್ತದೆ. ಅವರಿಲ್ಲದೆ ಓಡಿಸುವುದು ಹೇಗೆಂದು ಮಾತ್ರ ನನಗೆ ಗೊತ್ತಿಲ್ಲ.

ಜೇಬನ್ನು ನಾನು ಬಿಚ್ಚಿಲ್ಲ. ಎರಡೂ ಪ್ಯಾಂಟಿನ ಜೇಬಿಗೆ ಸುತ್ತಲೂ ಇನ್ನೊಂದು ಸಾಲು ಹೊಲಿಗೆ ಹಾಕಿದ್ದೇನೆ, ದಪ್ಪ ದಾರದಲ್ಲಿ. ಅದನ್ನು ಬಿಚ್ಚಲೇಬೇಕು ಎಂದಾದರೆ ತಾವೇ ಹಳೇಬೀಡಿಗೆ ಬರಬೇಕು. ಬಸ್ ನಿಲ್ದಾಣದ ಹಿಂದೆ ಯಾರನ್ನು ಕೇಳಿದರೂ ಅಂಗಡಿ ತೋರಿಸುತ್ತಾರೆ. ಕುರ್ಚಿ ಹಾಕುತ್ತೇನೆ, ಟೀ ಕೊಡುತ್ತೇನೆ, ಹೊಲಿಗೆ ಬಿಚ್ಚುವ ಬ್ಲೇಡನ್ನೂ ಕೈಗೆ ಕೊಡುತ್ತೇನೆ. ನನ್ನ ಎದುರಿಗೆ ಕೂತು, ನನ್ನ ಮುಖ ನೋಡಿಕೊಂಡು, ಒಂದೊಂದೇ ಹೊಲಿಗೆ ಬಿಚ್ಚಿ. ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಿ, ನಾನು ಗಡಿಯಾರ ನೋಡುವುದಿಲ್ಲ.

ಇಂತಿ,
ತಮ್ಮ ಬೋರ್ಡಿನಲ್ಲಿ ಕೆಂಪಾಗಿರುವ ಲೈನ್‌ಮನ್ನನ ಹೆಂಡತಿ,
ಅವರ ಅನಗತ್ಯ ಚಲನೆಯ ಕೃಪೆಯಿಂದ ಇನ್ನೂ ಕುಂಕುಮ ಇಟ್ಟುಕೊಳ್ಳುತ್ತಿರುವ
ಶ್ಯಾಮಲಾ, ಹಳೇಬೀಡು